ನೀರು ಇಳಿದ ಮೇಲೆ ಉಳಿದ ಎಂಜಿನ್‌ಗಳು: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಹಳೆಯ ಯಂತ್ರಗಳು ಮತ್ತು ಅವುಗಳ ದುರಸ್ತಿ

ಬಳಕೆಯಿಂದ ಹೊರಬಿದ್ದ ಯಂತ್ರವನ್ನು ಬಿಚ್ಚಿ, ಸವೆದ ಭಾಗಗಳನ್ನು ಸರಿಪಡಿಸಿ, ಮತ್ತೆ ಓಡುವಂತೆ ಮಾಡುವ ಕೆಲಸವನ್ನು ಹೊಟ್ಟೆಪಾಡಿಗಲ್ಲದೆ ಆಸಕ್ತಿಗಾಗಿ ಮಾಡುವ ಹವ್ಯಾಸ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ವ್ಯಾಪಕವಾಗಿ ಬೆಳೆಯಿತು. ಕಾಡಿನ ಕಸುಬು ದೊಡ್ಡದಾಗಿದ್ದ ನಾಡುಗಳಲ್ಲಿ ಈ ಆಸಕ್ತಿ ಹಳೆಯ ಚೈನ್‌ಸಾಗಳ ಕಡೆಗೆ, ಅಂದರೆ ಹಲ್ಲುಗಳಿರುವ ಸರಪಳಿಯನ್ನು ಎಂಜಿನ್ನಿನಿಂದ ತಿರುಗಿಸಿ ಮರ ಕೊಯ್ಯುವ ಯಂತ್ರಗಳ ಕಡೆಗೆ ತಿರುಗಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಕಾಡಿನ ಸೀಮೆಯಲ್ಲ; ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಬಯಲಿನಲ್ಲಿ ಯಂತ್ರದ ಚರಿತ್ರೆ ಆರಂಭವಾಗುವುದು ಬಾವಿಯ ಬಳಿ ಮತ್ತು ಎಣ್ಣೆ ಗಿರಣಿಯ ಒಳಗೆ. ಆದ್ದರಿಂದ ಈ ಸಮೀಕ್ಷೆಯ ಕೇಂದ್ರದಲ್ಲಿರುವುದು ಜನರು ‘ಆಯಿಲ್ ಎಂಜಿನ್’ ಎಂದು ಕರೆಯುವ, ನಿಧಾನಗತಿಯ ಡೀಸೆಲ್ ಎಂಜಿನ್. ಅದನ್ನು ಮೂಲೆಗೆ ತಳ್ಳಿದ್ದು ಸವೆತಕ್ಕಿಂತ ಹೆಚ್ಚಾಗಿ ಅಂತರ್ಜಲದ ಕುಸಿತ ಎಂಬುದು ಇಲ್ಲಿನ ಮುಖ್ಯ ವಾದ.

ಚೈನ್‌ಸಾ ಹವ್ಯಾಸದ ಹಿನ್ನೆಲೆ

ಹೋಲಿಕೆಯ ಅನುಕೂಲಕ್ಕಾಗಿ ಚೈನ್‌ಸಾದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಗಮನಿಸಬಹುದು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಚಾಲಿತ ಗರಗಸವನ್ನೂ 1929ರಲ್ಲಿ ಪೆಟ್ರೋಲ್ ಗರಗಸವನ್ನೂ ತಯಾರಿಸಿದರು. ಅದೇ ದೇಶದ ಎಮಿಲ್ ಲೆರ್ಪ್ 1927ರಲ್ಲಿ ಡೋಲ್ಮರ್ ಬೆಟ್ಟದ ಮೇಲೆ ತಮ್ಮ ಪೆಟ್ರೋಲ್ ಗರಗಸವನ್ನು ಪರೀಕ್ಷಿಸಿದ್ದರು. ನಲವತ್ತು ಕಿಲೋ ಮೀರಿದ ಆ ಯಂತ್ರಗಳನ್ನು ಇಬ್ಬರು ಹಿಡಿಯಬೇಕಾಗಿತ್ತು. 1940ರ ದಶಕದ ಕೊನೆಗೆ ಅಮೆರಿಕದ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳುವಿನ ದವಡೆಯನ್ನು ನೋಡಿ ಹೊಸ ಬಗೆಯ ಹಲ್ಲನ್ನು ರೂಪಿಸಿದ ಮೇಲೆ ಮತ್ತು ಯಂತ್ರವನ್ನು ಹೇಗೆ ಓರೆಮಾಡಿದರೂ ಇಂಧನ ಪೂರೈಸುವ ಡಯಾಫ್ರಮ್ ಕಾರ್ಬ್ಯುರೇಟರ್ ಬಂದ ಮೇಲೆ, ಚೈನ್‌ಸಾ ಒಬ್ಬನೇ ಎತ್ತಿ ಬಳಸುವ ಉಪಕರಣವಾಯಿತು. ಆದರೆ ಹಗುರತೆಗಾಗಿ ಬಳಸಿದ ಮೆಗ್ನೀಸಿಯಮ್ ಕವಚ ತೇವಕ್ಕೆ ಕೊರೆದುಹೋಗುತ್ತದೆ, ಕಾರ್ಬ್ಯುರೇಟರಿನ ರಬ್ಬರ್ ಪೊರೆಗಳು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತವೆ. ಹೀಗಾಗಿ ಹಳೆಯ ಚೈನ್‌ಸಾದ ದುರಸ್ತಿ ಬಹುಪಾಲು ಸಿಗದ ಬಿಡಿಭಾಗಗಳ ಹುಡುಕಾಟವಾಗಿ ಪರಿಣಮಿಸುತ್ತದೆ. ಬಯಲುಸೀಮೆಯ ಎಂಜಿನ್ನಿನ ಸಂಗತಿ ಇದಕ್ಕೆ ವಿರುದ್ಧವಾದುದು.

ಕಪಿಲೆಯಿಂದ ಆಯಿಲ್ ಎಂಜಿನ್‌ಗೆ

ಎಂಜಿನ್ ಬರುವ ಮೊದಲು ಬಾವಿಯ ನೀರನ್ನು ಏತದಿಂದಲೋ ಕಪಿಲೆಯಿಂದಲೋ ಎತ್ತಲಾಗುತ್ತಿತ್ತು. ಕಪಿಲೆಯೆಂದರೆ ಇಳಿಜಾರಿನಲ್ಲಿ ಎತ್ತುಗಳು ಹಗ್ಗ ಎಳೆದಾಗ ದೊಡ್ಡ ಚರ್ಮದ ಚೀಲ ಬಾವಿಯಿಂದ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುವ ವ್ಯವಸ್ಥೆ; ಅದರ ಗಾಲಿ, ಹಗ್ಗ, ಚರ್ಮಗಳನ್ನು ಊರಿನ ಬಡಗಿ, ಕಮ್ಮಾರ, ಚಮ್ಮಾರರೇ ರಿಪೇರಿ ಮಾಡುತ್ತಿದ್ದುದರಿಂದ ದುರಸ್ತಿಯೆಂಬುದು ಗ್ರಾಮದ ದುಡಿಮೆಯ ಒಂದು ಅಂಗವೇ ಆಗಿತ್ತು.

ಎಣ್ಣೆ ಉರಿಸುವ ಮೊದಲ ತಲೆಮಾರಿನ ಎಂಜಿನ್‌ಗಳಲ್ಲಿ ಹಲವನ್ನು ಚಾಲೂ ಮಾಡುವ ಮುನ್ನ ಅವುಗಳ ತಲೆಭಾಗವನ್ನು ದೀಪದಿಂದ ಕಾಯಿಸಬೇಕಾಗಿತ್ತು. 1929ರ ಸುಮಾರಿಗೆ ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಕಂಪನಿ ಹೊರತಂದ ‘ಕೋಲ್ಡ್ ಸ್ಟಾರ್ಟ್’ ಮಾದರಿ ಈ ತೊಡಕನ್ನು ನಿವಾರಿಸಿತು. ಒಂದೇ ಸಿಲಿಂಡರ್, ಎರಡು ಭಾರವಾದ ಫ್ಲೈವೀಲ್, ನಿಮಿಷಕ್ಕೆ 600 ಸುತ್ತು, ಐದು ಅಶ್ವಶಕ್ತಿ ಇದರ ಲಕ್ಷಣಗಳಾಗಿದ್ದು, ಮುಂದೆ ವೇಗ 650 ಸುತ್ತಿಗೂ ಶಕ್ತಿ ಆರು ಅಶ್ವಶಕ್ತಿಗೂ ಏರಿದವು. ಎಂಜಿನ್ ತಣ್ಣಗಿರುವಾಗ ದಹನಕೋಣೆಯ ಒಂದು ಭಾಗವನ್ನು ಮುಚ್ಚಿ ಒತ್ತಡವನ್ನು ಹೆಚ್ಚಿಸುವ ಕವಾಟವೊಂದು ಇದರಲ್ಲಿದ್ದುದರಿಂದ ಹ್ಯಾಂಡಲ್ ತಿರುಗಿಸಿದರೆ ಸಾಕಾಗುತ್ತಿತ್ತು. ಸ್ವಾತಂತ್ರ್ಯಾನಂತರ ಗುಜರಾತಿನ ರಾಜಕೋಟೆಯ ಎರಕದ ಕಾರ್ಖಾನೆಗಳು ಇದೇ ವಿನ್ಯಾಸವನ್ನು ಅನುಸರಿಸಿ ಎಂಜಿನ್‌ಗಳನ್ನು ಹೇರಳವಾಗಿ ತಯಾರಿಸಿದವು. ವಿದೇಶದ ಹವ್ಯಾಸಿಗಳು ಇವನ್ನು ‘ಲಿಸ್ಟರಾಯ್ಡ್’ ಎಂದು ಕರೆಯುತ್ತಾರೆ. 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆ ಇನ್ನೊಂದು ದೊಡ್ಡ ಮೂಲವಾಯಿತು.

ಎಂಜಿನ್ನಿನ ಬೆನ್ನಿಗೇ ಲೇತ್ ಬಂದಿತೆಂಬುದನ್ನು ದುರಸ್ತಿಯ ಚರಿತ್ರೆ ಮರೆಯುವಂತಿಲ್ಲ. ಲೇತ್ ಎಂದರೆ ಲೋಹದ ತುಂಡನ್ನು ತಿರುಗಿಸುತ್ತ ಉಳಿಯಿಂದ ಬೇಕಾದ ಅಳತೆಗೆ ಕೆತ್ತುವ ಯಂತ್ರ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇವನ್ನು ಮಧ್ಯ ಕರ್ನಾಟಕದಲ್ಲೇ ತಯಾರಿಸತೊಡಗಿತು. ಲೇತ್ ಇರುವ ಊರಿನಲ್ಲಿ ಬುಷ್, ಪಿನ್ನು, ಶಾಫ್ಟುಗಳನ್ನು ದೂರದಿಂದ ತರಿಸಬೇಕಾಗಿರಲಿಲ್ಲ. ತಯಾರಿಸಿದ ಕಾರ್ಖಾನೆ ಮುಚ್ಚಿದರೂ ಎಂಜಿನ್ ಬದುಕಿ ಉಳಿಯಲು ಇದೇ ಆಧಾರವಾಯಿತು.

ಗಾಣ, ಗಿರಣಿ ಮತ್ತು ಶೇಂಗಾ

ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂದದ್ದು ಶೇಂಗಾ ಬೆಳೆಯಿಂದ ಮತ್ತು ಅದನ್ನು ಅರೆಯುವ ಗಿರಣಿಗಳಿಂದ. ಎತ್ತಿನ ಗಾಣದ ಜಾಗಕ್ಕೆ ಬಂದ ಎಕ್ಸ್‌ಪೆಲ್ಲರ್, ಅಂದರೆ ತಿರುಗುವ ಸುರುಳಿ ದಂಡದಿಂದ ಬೀಜವನ್ನು ಒತ್ತಿ ಎಣ್ಣೆಯನ್ನೂ ಹಿಂಡಿಯನ್ನೂ ಬೇರ್ಪಡಿಸುವ ಯಂತ್ರ, ಅಮೆರಿಕದ ವಲೇರಿಯಸ್ ಆಂಡರ್ಸನ್ 1900ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದಿಂದ ಬೆಳೆದುಬಂದದ್ದು. ಅದೇ ವರ್ಷ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದಲೇ ಓಡಿಸಿ ತೋರಿಸಲಾಯಿತೆಂಬುದು ಚಳ್ಳಕೆರೆಯ ಓದುಗರಿಗೆ ಕುತೂಹಲದ ಸಂಗತಿಯಾದೀತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸಿ ಬಾವಿಗಳ ನೀರೆತ್ತಿಸಿದ ಪ್ರಯೋಗ, ಸಸ್ಯದ ಎಣ್ಣೆಯಿಂದಲೂ ಓಡಬಲ್ಲ ಡೀಸೆಲ್ ಎಂಜಿನ್ನಿನ ಅದೇ ಗುಣದ ಮುಂದುವರಿಕೆ.

ಎಕ್ಸ್‌ಪೆಲ್ಲರಿನ ಸುರುಳಿ ಮತ್ತು ಅದರ ಸುತ್ತಲಿನ ಉಕ್ಕಿನ ಪಟ್ಟಿಗಳು ಬೀಜದೊಡನೆ ಬರುವ ಮಣ್ಣಿನಿಂದ ಬೇಗ ಸವೆಯುವುದರಿಂದ, ಸವೆದ ಅಂಚಿಗೆ ವೆಲ್ಡಿಂಗ್‌ನಿಂದ ಲೋಹ ತುಂಬಿ ಮತ್ತೆ ಉಜ್ಜಿ ಅಳತೆಗೆ ತರುವ ಕೆಲಸ ಇಂಥ ಗಿರಣಿಗಳಲ್ಲಿ ನಿತ್ಯದ ವಿದ್ಯೆಯಾಯಿತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾದ ಬಳಿಕ ಅಗ್ಗದ ತಾಳೆ ಎಣ್ಣೆಯ ಎದುರು ಶೇಂಗಾ ಗಿರಣಿಗಳು ಸೊರಗಿದಾಗ, ಯಂತ್ರಗಳ ಜೊತೆಗೆ ಈ ವಿದ್ಯೆಯ ಬೇಡಿಕೆಯೂ ಕುಗ್ಗಿತು.

ದುರಸ್ತಿಯ ಕ್ರಮ

ವರ್ಷಗಟ್ಟಲೆ ನಿಂತ ಆಯಿಲ್ ಎಂಜಿನ್ನನ್ನು ಎಬ್ಬಿಸುವಾಗ ಫ್ಲೈವೀಲನ್ನು ಬಲವಂತವಾಗಿ ತಿರುಗಿಸದಿರುವುದು ಮೊದಲ ನಿಯಮ, ಏಕೆಂದರೆ ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡ ಪಿಸ್ಟನ್‌ನ ರಿಂಗುಗಳು ಮುರಿದು ಒಳಗೋಡೆಯನ್ನು ಗೀರಿಬಿಡುತ್ತವೆ. ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್ ಸುರಿದು ನೆನೆಯಲು ಬಿಟ್ಟು, ಅನಂತರ ಮರದ ತುಂಡನ್ನಿಟ್ಟು ಹಗುರವಾಗಿ ತಟ್ಟುವುದು ರೂಢಿ. ಸಿಲಿಂಡರಿನ ಸವೆತವನ್ನು ಅಳೆದು ಹೊಸ ರಿಂಗ್ ಸಾಕೇ, ಬೋರಿಂಗ್ ಮಾಡಿಸಬೇಕೇ ಎಂಬುದನ್ನು ತೀರ್ಮಾನಿಸಿದ ಮೇಲೆ ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಅವುಗಳ ಪೀಠಕ್ಕೆ ಸುತ್ತಲೂ ಸಮನಾಗಿ ಕೂರುವವರೆಗೆ ತಿಕ್ಕಲಾಗುತ್ತದೆ.

ಜೋಡಣೆಯ ಹಂತದಲ್ಲಿ ಒಂದು ಅಳತೆ ವಿಶೇಷ ಗಮನ ಬೇಡುತ್ತದೆ. ಪಿಸ್ಟನ್ ತುತ್ತತುದಿಗೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಸಣ್ಣ ಅಂತರ ಹೆಚ್ಚಾದರೆ ಗಾಳಿ ಸಾಕಷ್ಟು ಕಾಯದೆ ಎಂಜಿನ್ ಚಾಲೂ ಆಗುವುದಿಲ್ಲ, ಕಡಿಮೆಯಾದರೆ ಲೋಹಕ್ಕೆ ಲೋಹ ಬಡಿಯುತ್ತದೆ. ಇದನ್ನು ತಿಳಿಯಲು ಪಿಸ್ಟನ್ ಮೇಲೆ ಸೀಸದ ತಂತಿಯ ತುಂಡುಗಳನ್ನಿಟ್ಟು, ಹೆಡ್ ಬಿಗಿದು, ಫ್ಲೈವೀಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ವ್ಯತ್ಯಾಸವಿದ್ದರೆ ಸಿಲಿಂಡರಿನ ಅಡಿಯ ತೆಳು ತಗಡುಗಳನ್ನು ಕೂಡಿಸಿಯೋ ಕಳೆದೋ ಸರಿಪಡಿಸುತ್ತಾರೆ. ಕಂಪ್ಯೂಟರಿನ ಹಂಗಿಲ್ಲದೆ, ಪಾನಾ, ಸುತ್ತಿಗೆ, ಸೀಸದ ತಂತಿಗಳಿಂದ ನಿಖರತೆಯನ್ನು ಸಾಧಿಸಬಹುದಾದ ಈ ವಿನ್ಯಾಸವೇ ಎಂಜಿನ್ನಿನ ದೀರ್ಘಾಯುಷ್ಯಕ್ಕೆ ಕಾರಣ.

ನೀರು ಇಳಿದದ್ದು

ಇಷ್ಟು ಗಟ್ಟಿಯಾದ ಯಂತ್ರ ಬಾವಿಯ ದಡದಿಂದ ಕಣ್ಮರೆಯಾದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಭೌತಶಾಸ್ತ್ರದಲ್ಲಿದೆ. ನೆಲದ ಮೇಲಿರುವ ಪಂಪು ನೀರನ್ನು ಮೇಲಕ್ಕೆ ಹೀರುವುದು ವಾಯುಭಾರದ ನೆರವಿನಿಂದ. ಆ ಭಾರ ಹೆಚ್ಚೆಂದರೆ ಸುಮಾರು 10 ಮೀಟರ್ ಎತ್ತರದ ನೀರನ್ನು ತಾಳುತ್ತದೆಯಾದ್ದರಿಂದ, ಸೋರಿಕೆ ಮತ್ತು ಘರ್ಷಣೆಗಳನ್ನು ಕಳೆದರೆ ಪಂಪಿಗೂ ನೀರಿಗೂ ನಡುವೆ 6–7 ಮೀಟರಿಗಿಂತ ಹೆಚ್ಚಿನ ಅಂತರವನ್ನು ವ್ಯವಹಾರದಲ್ಲಿ ನೆಚ್ಚುವಂತಿಲ್ಲ. ನೀರು ಇಳಿದಂತೆ ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸುವ ಉಪಾಯ ಸ್ವಲ್ಪ ಕಾಲ ನಡೆಯಿತಾದರೂ, ತೆರೆದ ಬಾವಿಗಳು ಬತ್ತಿ ನೂರಾರು ಅಡಿಯ ಕೊಳವೆಬಾವಿಗಳು ಬಂದಾಗ ನೀರಿನೊಳಗೇ ಮುಳುಗಿ ಕೆಲಸ ಮಾಡುವ ಸಬ್‌ಮರ್ಸಿಬಲ್ ಮೋಟಾರು ಅನಿವಾರ್ಯವಾಯಿತು, ಅದಕ್ಕೆ ವಿದ್ಯುತ್ತು ಬೇಕಾಯಿತು. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಸರ್ಕಾರ ಉಚಿತ ವಿದ್ಯುತ್ ನೀಡಿದ ಮೇಲೆ ಡೀಸೆಲ್ಲಿನ ಖರ್ಚಿಗೆ ಅರ್ಥವೇ ಉಳಿಯಲಿಲ್ಲ. ಹೀಗೆ ಕೆಡದ ಎಂಜಿನ್ನಿಗೂ ಕೆಲಸವಿಲ್ಲದಾಗಿ, ಅದು ಹಟ್ಟಿಯ ಮೂಲೆಗೋ ತೂಕದ ಲೆಕ್ಕದಲ್ಲಿ ಗುಜರಿಗೋ ಸೇರಿತು.

ಮೊಳಕಾಲ್ಮುರಿನ ಮಗ್ಗ ಇದಕ್ಕೆ ಪ್ರತಿಯಾದ ನಿದರ್ಶನ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಅಲ್ಲಿನ ರೇಷ್ಮೆ ಸೀರೆಯನ್ನು ನೇಯುವ ಕೈಮಗ್ಗದಲ್ಲಿ ಹಗ್ಗ ಎಳೆದು ಲಾಳಿಯನ್ನು ಹಾರಿಸುವ, ಹದಿನೆಂಟನೆಯ ಶತಮಾನದ ಎಳೆಲಾಳಿಯ ತತ್ವವೂ, ರಂಧ್ರವಿರುವ ರಟ್ಟುಗಳಿಂದ ನೂಲುಗಳನ್ನು ಎತ್ತಿಳಿಸಿ ವಿನ್ಯಾಸ ಮೂಡಿಸುವ, ಹತ್ತೊಂಬತ್ತನೆಯ ಶತಮಾನದ ಆರಂಭದ ಜಕಾರ್ಡ್ ತತ್ವವೂ ಇಂದಿಗೂ ದುಡಿಯುತ್ತಿವೆ. ವಯಸ್ಸಿನಲ್ಲಿ ಎಂಜಿನ್ನಿಗಿಂತ ಹಿರಿದಾದ ಈ ತಂತ್ರಗಳಿಗೆ ಪುನರುಜ್ಜೀವನದ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಅವುಗಳ ಕೆಲಸ ನಿಂತಿಲ್ಲ. ಯಂತ್ರ ದುಡಿಯುವವರೆಗೆ ಅದರ ದುರಸ್ತಿ ಕಸುಬಾಗಿರುತ್ತದೆ. ದುಡಿಮೆ ತಪ್ಪಿದ ಮೇಲಷ್ಟೇ ಅದು ಹವ್ಯಾಸಿಯ ಕೈ ಸೇರುತ್ತದೆ.

ಹವ್ಯಾಸದ ದಿಕ್ಕುಗಳು

ಕರ್ನಾಟಕದಲ್ಲಿ ಇಂಥ ಹವ್ಯಾಸ ಮೊದಲು ಬೇರೂರಿದ್ದು ವಾಹನಗಳ ಸುತ್ತ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ ಮತ್ತು ಯೆಜ್ದಿ ಬೈಕುಗಳನ್ನು ಹುಡುಕಿ ಸರಿಪಡಿಸುವವರ ಬಳಗ ದೊಡ್ಡದು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಅವುಗಳ ಟೂ ಸ್ಟ್ರೋಕ್ ಎಂಜಿನ್ ತತ್ವದಲ್ಲಿ ಚೈನ್‌ಸಾದ ಎಂಜಿನ್ನಿಗೆ ತೀರ ಹತ್ತಿರದ್ದು. ಸಂಗ್ರಹಾಲಯದ ದಾರಿಯನ್ನು 1962ರಲ್ಲಿ ಉದ್ಘಾಟನೆಯಾದ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ತೋರಿಸಿತು.

ಹವ್ಯಾಸಿಗಳಲ್ಲಿ ಎರಡು ಪಂಥಗಳಿವೆ. ಕಾರ್ಖಾನೆಯಿಂದ ಹೊರಬಂದ ದಿನದ ರೂಪವನ್ನು ಮರಳಿ ತರಬೇಕೆನ್ನುವವರು ಬಣ್ಣ, ಹೆಸರಿನ ಫಲಕ, ಮೂಲ ಬಿಡಿಭಾಗಗಳನ್ನು ಮುಖ್ಯವಾಗಿ ಕಾಣುತ್ತಾರೆ. ಬಳಕೆಯ ಗುರುತುಗಳನ್ನು ಉಳಿಸಿಕೊಂಡು ಓಡುವ ಸ್ಥಿತಿಗೆ ತಂದರೆ ಸಾಕೆನ್ನುವುದು ಎರಡನೆಯ ಪಂಥ. ಬಯಲುಸೀಮೆಯ ಎಂಜಿನ್‌ಗಳಿಗೆ ಎರಡನೆಯದೇ ಹೆಚ್ಚು ಸಲ್ಲುತ್ತದೆ: ಬೇರೆ ಎಂಜಿನ್ನಿನಿಂದ ತಂದು ಕೂರಿಸಿದ ಹೆಡ್, ಸ್ಥಳೀಯ ಲೇತಿನಲ್ಲಿ ತಯಾರಾದ ಬುಷ್, ವೆಲ್ಡಿಂಗ್‌ನಿಂದ ಕೂಡಿಸಿದ ಪಾದ ಇವೆಲ್ಲವೂ ಅದರ ಚರಿತ್ರೆಯ ದಾಖಲೆಗಳಾಗಿದ್ದು, ಅವನ್ನು ತೆಗೆದು ಹೊಸ ಭಾಗ ಹಾಕಿದರೆ ಊರಿನ ಫಿಟ್ಟರುಗಳ ಪಾಲು ಅಳಿಸಿಹೋಗುತ್ತದೆ.

ಆದ್ದರಿಂದ ಈ ಕ್ಷೇತ್ರದ ಮುಂದಿರುವ ಮೊದಲ ಕೆಲಸ ಎಂಜಿನ್‌ಗಳ ಸಂಗ್ರಹಕ್ಕಿಂತ ವಿದ್ಯೆಯ ದಾಖಲಾತಿ. ಯಾವ ತಯಾರಿಕೆಯ ಭಾಗ ಯಾವುದಕ್ಕೆ ಹೊಂದುತ್ತದೆ, ಯಾವ ಸವೆತಕ್ಕೆ ಯಾವ ಪರಿಹಾರ ಎಂಬ ತಿಳಿವಳಿಕೆ ಇನ್ನೂ ಹಿರಿಯ ಮೆಕ್ಯಾನಿಕ್ಕುಗಳ ಕೈಯಲ್ಲಿದೆ. ಐಟಿಐಗಳ ಡೀಸೆಲ್ ಮೆಕ್ಯಾನಿಕ್ ತರಬೇತಿಗೆ ಇಂಥ ಒಂದೊಂದು ಎಂಜಿನ್ ಒದಗಿಸಿ, ಬಿಚ್ಚಿ ಜೋಡಿಸುವ ಪಾಠವನ್ನು ಅವರಿಂದಲೇ ಹೇಳಿಸಿದರೆ, ಗುಜರಿಯ ತಕ್ಕಡಿಯಲ್ಲಿ ಕಬ್ಬಿಣದ ಬೆಲೆಯಷ್ಟೇ ಸಿಗುವ ಯಂತ್ರಕ್ಕೆ ಬೋಧನೆಯ ಹೊಸ ಉದ್ಯೋಗ ದೊರೆಯುತ್ತದೆ.