ಉದ್ಯೋಗಜನ್ಯ ಶ್ರವಣದೋಷ: ಪರಿಹಾರ ಸೌಲಭ್ಯದ ನಿಯಮಗಳಲ್ಲಿನ ಬದಲಾವಣೆ

ಯಂತ್ರಗಳ ಶಬ್ದದಿಂದ ಶ್ರವಣಶಕ್ತಿ ಕುಂದಿರುವ ಕಾರ್ಮಿಕರ ಗಮನಕ್ಕೆ ತರಬಯಸುವುದೇನೆಂದರೆ, ಇಂತಹ ಪ್ರಕರಣಗಳಿಗೆ ಅನ್ವಯವಾಗುತ್ತಿದ್ದ ನೌಕರರ ಪರಿಹಾರ ಅಧಿನಿಯಮ, 1923 ಹಾಗೂ ನೌಕರರ ರಾಜ್ಯ ವಿಮಾ ಅಧಿನಿಯಮ, 1948 ಇವುಗಳ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ, 2020 ದಿನಾಂಕ 21.11.2025ರಿಂದ ಜಾರಿಗೆ ಬಂದಿರುತ್ತದೆ. ಶಬ್ದದಿಂದ ಉಂಟಾಗುವ ಶ್ರವಣದೋಷವು ಸಂಹಿತೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗವಾಗಿ ಮುಂದುವರಿದಿದೆ.

ಇ.ಎಸ್.ಐ. ವಿಮೆಗೆ ಒಳಪಟ್ಟವರು ನಿಗಮದಿಂದ ಅಂಗವಿಕಲತಾ ಸೌಲಭ್ಯ ಪಡೆಯತಕ್ಕದ್ದು. ಒಳಪಡದವರಿಗೆ ಪರಿಹಾರ ನೀಡುವ ಹೊಣೆ ಮಾಲೀಕರದು. ಎರಡನ್ನೂ ಪಡೆಯಲು ಅವಕಾಶವಿಲ್ಲ. ಕೇಂದ್ರ ಸರ್ಕಾರವು ಅಪಾಯಕಾರಿ ಎಂದು ಅಧಿಸೂಚಿಸುವ ಉದ್ಯೋಗಗಳಲ್ಲಿ ಒಬ್ಬನೇ ನೌಕರನಿದ್ದರೂ ಇ.ಎಸ್.ಐ. ಅನ್ವಯವಾಗುವುದು ಹೊಸ ಅಂಶವಾಗಿದೆ.

ಮಾಲೀಕರಿಂದ ಪರಿಹಾರ ಕೋರುವವರು ಅದೇ ಮಾಲೀಕರ ಬಳಿ ಕನಿಷ್ಠ 6 ತಿಂಗಳು ನಿರಂತರ ಸೇವೆ ಸಲ್ಲಿಸಿರಬೇಕು. ಬೇರೆಡೆ ಮಾಡಿದ ಅದೇ ಬಗೆಯ ಕೆಲಸದ ಅವಧಿಯನ್ನು ಇದಕ್ಕೆ ಸೇರಿಸಲಾಗುವುದಿಲ್ಲ.

ಕ್ಲೇಮು ಸಲ್ಲಿಸಲು 2 ವರ್ಷಗಳ ಕಾಲಮಿತಿ ಇದ್ದು, ಅನೇಕರು ಹಕ್ಕು ಕಳೆದುಕೊಳ್ಳುವುದು ಇಲ್ಲಿಯೇ. ಸಾಮಾನ್ಯವಾಗಿ ರೋಗದಿಂದ ಕೆಲಸಕ್ಕೆ ಗೈರುಹಾಜರಾದ ಮೊದಲ ದಿನದಿಂದ ಈ ಅವಧಿಯನ್ನು ಎಣಿಸಲಾಗುತ್ತದೆ. ಆದರೆ ಕಿವಿ ಮಂದವಾಯಿತೆಂದು ರಜೆ ಹಾಕುವವರು ವಿರಳ. ಮಗ್ಗದ ಮನೆಯಲ್ಲಾಗಲಿ, ಕಲ್ಲುಪುಡಿ ಘಟಕದಲ್ಲಾಗಲಿ ದುಡಿಯುವವರು ದೋಷವಿದ್ದೂ ವರ್ಷಗಟ್ಟಲೆ ಕೆಲಸ ಮುಂದುವರಿಸುತ್ತಾರೆ. ಇಂತಹವರು ಮಾಲೀಕರಿಗೆ ದೋಷದ ಬಗ್ಗೆ ನೋಟೀಸು ನೀಡಿದ ದಿನದಿಂದಲೇ 2 ವರ್ಷ ಎಣಿಕೆಯಾಗುವುದು. ಕೆಲಸ ಬಿಟ್ಟ 2 ವರ್ಷದೊಳಗೆ ಲಕ್ಷಣ ಕಾಣಿಸಿಕೊಂಡಲ್ಲಿ, ಲಕ್ಷಣ ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನವೆಂದು ಪರಿಗಣಿಸಲಾಗುವುದು. ನಿವೃತ್ತರು ಇದನ್ನು ವಿಶೇಷವಾಗಿ ಗಮನಿಸುವುದು.

ನೋಟೀಸಿಗೆ ವಕೀಲರ ಭಾಷೆ ಬೇಕಿಲ್ಲ. ಹೆಸರು, ವಿಳಾಸ, ದೋಷಕ್ಕೆ ಕಾರಣ ಮತ್ತು ದಿನಾಂಕವನ್ನು ಸರಳವಾಗಿ ಬರೆದು ಸಲ್ಲಿಸಿ, ಪ್ರತಿಯ ಮೇಲೆ ಸ್ವೀಕೃತಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಶಬ್ದದ ಹಾನಿಯು ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ 4000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸ್ವರಗಳಲ್ಲಿ ಮೊದಲು ಕಾಣುವುದರಿಂದ ಆಡಿಯೋಗ್ರಾಂ ಪ್ರಮುಖ ದಾಖಲೆಯಾಗಿದೆ. ಅದರೊಂದಿಗೆ ಹಾಜರಾತಿ ಅಥವಾ ವೇತನ ಚೀಟಿ ಹಾಗೂ ದುಡಿದ ವಿಭಾಗದ ವಿವರ ಲಗತ್ತಿಸುವುದು. ಇ.ಎಸ್.ಐ. ಪ್ರಕರಣಗಳಲ್ಲಿ ಗಳಿಕೆ ಸಾಮರ್ಥ್ಯದ ನಷ್ಟವನ್ನು ವೈದ್ಯಕೀಯ ಮಂಡಳಿಯು ನಿರ್ಧರಿಸುತ್ತದೆ.

ವಿ.ಸೂ.: ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಡಿ ನೀಡುವ ಪ್ರಮಾಣಪತ್ರದ ಮಾನದಂಡವೇ ಬೇರೆ. ಅದರಲ್ಲಿ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟ ಅಗತ್ಯ. ಸದರಿ ಪ್ರಮಾಣಪತ್ರವು ದೋಷವು ಉದ್ಯೋಗದಿಂದಲೇ ಬಂದಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ.