ಮಗ ಬರೆದ ವಿಕ್ರಮಕಥೆ

ಒಮ್ಮೆ ಗೆದ್ದ ಕಥೆಯನ್ನು ಮತ್ತೆ ಹೇಳಹೊರಟವನ ಪಾಡು ಕಷ್ಟದ್ದು. ಮೊದಲಿನದರಂತೆಯೇ ಇದ್ದರೆ ಅನುಕರಣವೆನ್ನುತ್ತಾರೆ. ಬೇರೆಯಾಗಿದ್ದರೆ ದಾರಿ ತಪ್ಪಿತೆನ್ನುತ್ತಾರೆ. ಜನ ಮೆಚ್ಚಿದ ಚಲನಚಿತ್ರದ ಎರಡನೆಯ ಭಾಗ ತೆರೆಗೆ ಬಂದಾಗ ನಾವೆಲ್ಲರೂ ಆಡುವ ಮಾತು ಇದೇ. ಕಲ್ಯಾಣದ ಚಕ್ರವರ್ತಿಯೊಬ್ಬ ಸುಮಾರು ಒಂಬೈನೂರು ವರ್ಷಗಳ ಹಿಂದೆ ಬರೆದ ಪುಸ್ತಕಕ್ಕೂ ಇದೇ ಗತಿ ಒದಗಿದೆ. ಆ ಪುಸ್ತಕದ ಹೆಸರು ‘ವಿಕ್ರಮಾಂಕಾಭ್ಯುದಯ’. ಬರೆದವನು ಚಾಳುಕ್ಯ ಮೂರನೆಯ ಸೋಮೇಶ್ವರ. ನಾನು ಆ ಪುಸ್ತಕದ ಅಭಿಮಾನಿ. ಅದರ ಪರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಗೆದ್ದ ಕಥೆಯನ್ನು ನೋಡೋಣ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರ ವರೆಗೆ ಕಲ್ಯಾಣದಿಂದ ಆಳಿದ. ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದ. ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ಅವನ ಕಾಲದವನು. ಕಾಶ್ಮೀರದ ಬಿಲ್ಹಣ ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ಸುತ್ತಿ ಕಡೆಗೆ ಈ ಆಸ್ಥಾನಕ್ಕೆ ಬಂದು ವಿದ್ಯಾಪತಿಯೆನಿಸಿದ. ಅವನು ಹದಿನೆಂಟು ಸರ್ಗಗಳಲ್ಲಿ ಬರೆದದ್ದು ‘ವಿಕ್ರಮಾಂಕದೇವಚರಿತ’. ಜರ್ಮನ್ ವಿದ್ವಾಂಸ ಬ್ಯೂಲರ್ ಅದರ ಹಸ್ತಪ್ರತಿಯನ್ನು 1874ರಲ್ಲಿ ಜೆಸಲ್ಮೇರಿನ ಜೈನ ಭಂಡಾರದಲ್ಲಿ ಕಂಡು, ಮರುವರ್ಷವೇ ಮುದ್ರಿಸಿದ. ಅಂದಿನಿಂದ ಸಂಸ್ಕೃತದ ಚಾರಿತ್ರಿಕ ಕಾವ್ಯಗಳ ಮಾತು ಬಂದಲ್ಲೆಲ್ಲ ಬಿಲ್ಹಣನ ಹೆಸರು ಬಂದೇ ಬರುತ್ತದೆ.

ಸೋಮೇಶ್ವರ ಈ ವಿಕ್ರಮಾದಿತ್ಯನ ಮಗ. ಆಳಿದ್ದು ಸುಮಾರು ಹನ್ನೆರಡು ವರ್ಷ. ತಂದೆಯ ಕಥೆಯನ್ನು ಅವನು ಸಂಸ್ಕೃತ ಗದ್ಯದಲ್ಲಿ ಮತ್ತೊಮ್ಮೆ ಹೇಳಹೊರಟ. ಈ ಕೃತಿ ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮುರಾರಿಲಾಲ್ ನಾಗರ್ ಅವರ ಸಂಪಾದನೆಯಲ್ಲಿ ಅಚ್ಚಾದದ್ದು 1966ರಲ್ಲಿ. ಎಂದರೆ ಬಿಲ್ಹಣನಿಗೆ ಓದುಗರು ದೊರೆತು ತೊಂಬತ್ತೊಂದು ವರ್ಷಗಳಾದ ಮೇಲೆ! ಒಬ್ಬನ ಕೊರಳಿಗೆ ಹಾರ ಬಿದ್ದು, ಸಭೆ ಮುಗಿದು, ದೀಪ ಆರಿಸುವ ಹೊತ್ತಿಗೆ ಮತ್ತೊಬ್ಬ ಬಂದು ಬಾಗಿಲಲ್ಲಿ ನಿಂತಂತಾಯಿತು.

ಈ ಪುಸ್ತಕದ ಮೇಲೆ ಹೊರಿಸಬಹುದಾದ ದೋಷಗಳು ಮೂರು. ನಮಗೆ ದೊರೆತಿರುವುದು ಅಪೂರ್ಣ ಕೃತಿ. ತಂದೆಯನ್ನು ಮಗ ಹೊಗಳಿದ್ದಾನೆ. ವರ್ಣನೆ ಹೆಚ್ಚು, ಕಥೆ ಕಡಿಮೆ. ಮೊದಲನೆಯದನ್ನು ಒಪ್ಪಿಕೊಂಡುಬಿಡೋಣ, ಇಲ್ಲದ ಹಾಳೆಗಳನ್ನು ಯಾವ ವಕೀಲನೂ ತಂದುಕೊಡಲಾರ.

ಎರಡನೆಯದರಲ್ಲಿ ನ್ಯಾಯ ಸಾಲದು. ವಿಕ್ರಮಾದಿತ್ಯ ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದವನು. ಇಂಥ ಕಡೆ ಬಿಲ್ಹಣ ಏನು ಮಾಡುತ್ತಾನೆ? ಸಾಕ್ಷಾತ್ ಶಿವನನ್ನೇ ಕರೆತಂದು, ತಮ್ಮನೇ ಅರಸಾಗಬೇಕೆಂಬುದು ದೈವಸಂಕಲ್ಪವೆಂದು ತೋರಿಸುತ್ತಾನೆ. ತಪ್ಪೆಲ್ಲ ಅಣ್ಣನ ತಲೆಗೆ. ಇಷ್ಟಾಗಿ ಕಾವ್ಯದಲ್ಲಿ ತೇದಿಯೂ ಇಲ್ಲ. ಆನೆ, ನೀಲಛತ್ರಗಳ ಗೌರವ ಪಡೆದ ಆಶ್ರಿತನ ಹೊಗಳಿಕೆಯನ್ನು ಕವಿತೆಯೆಂದು ಕ್ಷಮಿಸಿ, ಮಗನ ಹೊಗಳಿಕೆಯನ್ನು ಮಾತ್ರ ಪಕ್ಷಪಾತವೆನ್ನುವುದು ಸರಿಯೇ? ಪಟ್ಟದ ಜಗಳದ ವಿಷಯದಲ್ಲಿ ಇಬ್ಬರನ್ನೂ ನಂಬುವುದು ಬೇಡ, ಅದಕ್ಕೆ ಶಾಸನಗಳಿವೆ.

ಇನ್ನು ಮೂರನೆಯದು. ನನ್ನ ವಾದವೆಲ್ಲ ನಿಂತಿರುವುದು ಇಲ್ಲಿಯೇ. ಸೋಮೇಶ್ವರನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಕರ್ಣಾಟಕ ದೇಶದ ಮತ್ತು ಅದರ ಜನರ ವರ್ಣನೆಯಿದೆ. ಎರಡನೆಯದರಲ್ಲಿ ಕಲ್ಯಾಣ ನಗರದ ವೈಭವವಿದೆ. ಮೂರನೆಯದರಲ್ಲಿ ಚಾಳುಕ್ಯ ವಂಶದ ಕಥೆ ಪುರಾಣದಿಂದ ಮೊದಲಾಗಿ ವಿಕ್ರಮಾದಿತ್ಯನ ಸಾಹಸಗಳವರೆಗೆ ಬರುತ್ತದೆ. ನಾಯಕ ಎಲ್ಲಿ ಎಂದು ಹುಡುಕುವವನಿಗೆ ಇದು ಬೇಸರವಾಗಬಹುದು. ಆದರೆ ಇಂದು ನಮಗೆ ಬೇಕಾದುದು ಯಾವುದು? ವಿಕ್ರಮನ ಯುದ್ಧಗಳನ್ನು ಸಾರುವ ಶಾಸನಗಳು ಬೇಕಾದಷ್ಟಿವೆ. ಅವನ ಊರು, ಅವನ ನಾಡು ಅಂದು ಅಲ್ಲಿಯವನೇ ಆದವನ ಕಣ್ಣಿಗೆ ಹೇಗೆ ಕಂಡಿತೆಂದು ಹೇಳುವವರು ಅಪರೂಪ.

ಬಿಲ್ಹಣನೂ ಕಲ್ಯಾಣವನ್ನು ವರ್ಣಿಸಿದ್ದಾನೆ, ಚೆನ್ನಾಗಿಯೇ ವರ್ಣಿಸಿದ್ದಾನೆ. ಆದರೆ ಅವನ ಹದಿನೆಂಟನೆಯ ಸರ್ಗವನ್ನು ನೋಡಿ. ವಿಕ್ರಮನ ಕಥೆಯನ್ನು ಬಿಟ್ಟು ಕವಿ ಅಲ್ಲಿ ಕಾಶ್ಮೀರಕ್ಕೆ, ತನ್ನ ಮನೆತನಕ್ಕೆ, ತನ್ನ ಅಲೆದಾಟಕ್ಕೆ ಹೊರಳುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಹುಟ್ಟಿದ ನೆಲದ ಸೆಳೆತ ಯಾರನ್ನು ಬಿಟ್ಟಿದೆ? ಕಾಶ್ಮೀರದವನು ಕಾಶ್ಮೀರದಲ್ಲಿ ಮುಗಿಸಿದ. ಕರ್ಣಾಟಕದವನು ಕರ್ಣಾಟಕದಿಂದ ಆರಂಭಿಸಿದ. ಎರಡೂ ಒಂದೇ ಮಮತೆ. ಒಂದನ್ನು ಮೆಚ್ಚಿದವರು ಇನ್ನೊಂದನ್ನೂ ಮೆಚ್ಚಬೇಕು.

ಸೋಮೇಶ್ವರನ ಕಣ್ಣು ಎಂಥದೆಂಬುದಕ್ಕೆ ಅವನ ‘ಮಾನಸೋಲ್ಲಾಸ’ವೇ ಸಾಕ್ಷಿ. 1130ರ ಆಸುಪಾಸಿನ ಈ ಗ್ರಂಥದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ರಾಜನೀತಿಯ ಜೊತೆಗೆ ಆನೆ, ರತ್ನ, ಚಿತ್ರಕಲೆ, ಸಂಗೀತ, ಆಟಪಾಟ, ಅಡುಗೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ನಮ್ಮ ಇಡ್ಲಿ, ದೋಸೆಗಳ ಹಿರಿಯರಾದ ಇಡ್ಡರಿಕಾ, ದೋಸಕಗಳನ್ನೂ ಈ ಚಕ್ರವರ್ತಿ ಮರೆತಿಲ್ಲ. ಹೊಯ್ಸಳ ವಿಷ್ಣುವರ್ಧನನಂಥ ಸಾಮಂತರು ತಲೆಯೆತ್ತುತ್ತಿದ್ದ ಕಾಲದಲ್ಲಿ ಅರಸನಿಗೆ ಅಡುಗೆಯ ಗೊಡವೆ ಏಕೆಂದು ಕೇಳುವವರು ಕೇಳಲಿ. ಸಾಮ್ರಾಜ್ಯ ಹೇಗೂ ಉಳಿಯಲಿಲ್ಲ. 1157ರ ಹೊತ್ತಿಗೆ ಕಳಚುರ್ಯ ಬಿಜ್ಜಳನ ಕೈ ಮೇಲಾಗಿತ್ತು. ಉಳಿದದ್ದು ಬರಹವೇ.

ಬಸವಕಲ್ಯಾಣದ ಸುತ್ತ ಒಮ್ಮೆ ತಿರುಗಿದರೆ ಈ ಮಾತು ಮನದಟ್ಟಾಗುತ್ತದೆ. ಊರ ಕೋಟೆಯಲ್ಲಿ ಇಂದು ಎದ್ದು ಕಾಣುವುದು ಹೆಚ್ಚಾಗಿ ಮುಂದಿನ ಸುಲ್ತಾನರ ಕಾಲದ ಕಟ್ಟಡ. ಚಾಳುಕ್ಯರ ಅರಮನೆಯಿಲ್ಲ. ಹತ್ತಿರದ ಮೋರಖಂಡಿಯ ಕಥೆ ಇನ್ನೂ ಹಿಂದಿನದು. ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅಲ್ಲ, ಅದು ನಾಸಿಕದ ಕಡೆಯ ಬೆಟ್ಟದ ಕೋಟೆ ಎಂದು ಬೇರೆಯವರ ಮತ. ತನ್ನನ್ನು ವರ್ಣಿಸುವ ಒಬ್ಬ ಮನೆಯ ಮಗ ಆ ಊರಿಗೆ ದೊರೆತಿದ್ದರೆ ಈ ವಾದ ಹುಟ್ಟುತ್ತಿತ್ತೇ? ಹೆಸರೊಂದೇ ಉಳಿದರೆ ಊರಿನ ಪಾಡು ಹೀಗೆ. ಕಲ್ಯಾಣಕ್ಕೆ ಆ ಭಾಗ್ಯವಿತ್ತು.

ಹುಮನಾಬಾದಿನ ಬಳಿ ಜಲಸಂಗವಿಯ ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕವನ್ನು ಬರೆಯುತ್ತ ನಿಂತಿದ್ದಾಳೆ. ಅವಳೂ ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತಿರುವವಳು. ಆದರೂ ನೋಡಿದವರು ಅವಳನ್ನು ಅನುಕರಣವೆನ್ನುವುದಿಲ್ಲ; ಬೆರಳ ಬಾಗು ನೋಡಿ ತಲೆದೂಗುತ್ತಾರೆ. ಸೋಮೇಶ್ವರನ ಮೂರು ಅಧ್ಯಾಯಗಳಿಗೂ ಅಷ್ಟೇ ಔದಾರ್ಯ ಸಲ್ಲಬೇಕು. ಬಿಲ್ಹಣನನ್ನು ಓದಿದವರು ಅಲ್ಲಿಗೇ ನಿಲ್ಲದೆ ಇವನನ್ನೂ ಓದಲಿ. ಅರಸನ ಪರಿಚಯ ಅವನಿಂದಾದರೆ, ಅರಸನ ನಾಡಿನ ಪರಿಚಯ ಇವನಿಂದಾದೀತು.