ವಿಕಿರಣ ಮತ್ತು ದ್ರವ್ಯ

ಅಲೆ ಅಥವಾ ಕಣಗಳ ರೂಪದಲ್ಲಿ ಆಕರದಿಂದ ಹೊರಟು ಹರಡುವ ಶಕ್ತಿಯೇ ವಿಕಿರಣ. ಬೆಳಕು, ರೇಡಿಯೊ ಅಲೆ, ಕ್ಷ-ಕಿರಣ, ಗ್ಯಾಮಾ ಕಿರಣಗಳು ವಿದ್ಯುತ್ಕಾಂತೀಯ ಬಗೆಯವು. ಆಲ್ಫಾ, ಬೀಟಾ, ನ್ಯೂಟ್ರಾನ್‌ಗಳು ಕಣಗಳು. ದ್ರವ್ಯದ ಮೇಲೆ ಇವುಗಳ ಪರಿಣಾಮವನ್ನು ಒಟ್ಟು ಶಕ್ತಿಯೊಂದೇ ನಿರ್ಧರಿಸುವುದಿಲ್ಲ. ಶಕ್ತಿ ಎಷ್ಟು ದೊಡ್ಡ ಕಂತುಗಳಲ್ಲಿ, ಎಷ್ಟು ಒತ್ತಾಗಿ ಸಂದಾಯವಾಗುತ್ತದೆ ಎಂಬುದೂ ಮುಖ್ಯ.

1800ರಲ್ಲಿ ವಿಲಿಯಂ ಹರ್ಷೆಲ್, ರೋಹಿತದ ಕೆಂಪಿನಾಚೆ ಇಟ್ಟ ಉಷ್ಣಮಾಪಕ ಕಾವೇರುವುದನ್ನು ಕಂಡು ಅವಕೆಂಪು ಕಿರಣಗಳನ್ನು ಗುರುತಿಸಿದ. ಮರುವರ್ಷ ಯೋಹಾನ್ ರಿಟ್ಟರ್, ನೇರಳೆಯಾಚೆ ಸಿಲ್ವರ್ ಕ್ಲೋರೈಡ್ ಬೇಗ ಕಪ್ಪಾಗುವುದನ್ನು ತೋರಿಸಿದ. ಒಂದು ತುದಿಯಲ್ಲಿ ಕಾವು, ಇನ್ನೊಂದರಲ್ಲಿ ರಾಸಾಯನಿಕ ಬದಲಾವಣೆ ಎದ್ದು ಕಂಡಿತು. ಇದಕ್ಕೆ ವಿವರಣೆ ದೊರೆತದ್ದು ಕ್ವಾಂಟಂ ಸಿದ್ಧಾಂತದಿಂದ. ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಮಂಡಿಸಿದ ಕಲ್ಪನೆಯನ್ನು ಮುಂದುವರಿಸಿ, ಬೆಳಕಿನ ಶಕ್ತಿ ಆವರ್ತಾಂಕಕ್ಕೆ ಅನುಗುಣವಾದ ಕಂತುಗಳಲ್ಲಿ ಬರುತ್ತದೆಂದು ಐನ್‌ಸ್ಟೈನ್ 1905ರಲ್ಲಿ ಪ್ರತಿಪಾದಿಸಿದರು. ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನಿನಲ್ಲಿರುವುದು ಸುಮಾರು 2ರಿಂದ 3 ಎಲೆಕ್ಟ್ರಾನ್ ವೋಲ್ಟ್. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಅಯಾನೀಕರಿಸಲು ಸಾಮಾನ್ಯವಾಗಿ 10ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಮಂದ ಕ್ಷ-ಕಿರಣ ಮಾಡುವ ಕೆಲಸವನ್ನು ಪ್ರಖರ ಕೆಂಪು ಬೆಳಕು ಮಾಡಲಾರದು.

1895ರಲ್ಲಿ ರಂಟ್‌ಜನ್ ಕ್ಷ-ಕಿರಣಗಳನ್ನೂ 1896ರಲ್ಲಿ ಬೆಕೆರೆಲ್ ಯುರೇನಿಯಂನ ವಿಕಿರಣವನ್ನೂ ಕಂಡುಹಿಡಿದರು. ಈ ವಿಕಿರಣದಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿವೆಯೆಂದು ರುದರ್‌ಫರ್ಡ್ 1899ರಲ್ಲಿ ತೋರಿಸಿದರು. 1900ರಲ್ಲಿ ವಿಲಾರ್ಡ್ ರೇಡಿಯಂನಿಂದ ಹೊಮ್ಮುವ ಗ್ಯಾಮಾ ಕಿರಣಗಳನ್ನು ಪತ್ತೆಹಚ್ಚಿದರು. ಭಾರವಾದ, ಎರಡು ಧನ ವಿದ್ಯುದಂಶಗಳುಳ್ಳ ಆಲ್ಫಾ ಕಣ ದಾರಿಯುದ್ದಕ್ಕೂ ಒತ್ತಾಗಿ ಅಯಾನುಗಳನ್ನು ಸೃಷ್ಟಿಸಿ ಬೇಗ ಶಕ್ತಿಗುಂದುತ್ತದೆ. ಅದನ್ನು ಒಂದು ಹಾಳೆ ಕಾಗದ ತಡೆಯಬಲ್ಲದು. ಬೀಟಾ ಕಣಗಳಿಗೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಬೇಕು. ಗ್ಯಾಮಾ ಕಿರಣಗಳನ್ನು ದಪ್ಪನೆಯ ಸೀಸವೂ ತಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯದು. 1932ರಲ್ಲಿ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಅದು ಪರಮಾಣು ಬೀಜಗಳಿಗೆ ಡಿಕ್ಕಿ ಹೊಡೆದೇ ಶಕ್ತಿ ಕಳೆದುಕೊಳ್ಳಬೇಕು. ಹೈಡ್ರೋಜನ್ ಬೀಜದ ರಾಶಿ ನ್ಯೂಟ್ರಾನಿನದಕ್ಕೆ ಹೆಚ್ಚುಕಡಿಮೆ ಸಮನಾದ್ದರಿಂದ, ಅದರ ವೇಗ ತಗ್ಗಿಸಲು ಸೀಸಕ್ಕಿಂತ ನೀರು, ಪ್ಯಾರಾಫಿನ್‌ಗಳೇ ಮೇಲು.

ಜೀವಕೋಶದಲ್ಲಿ ಅಯಾನೀಕರಿಸುವ ವಿಕಿರಣ ಡಿಎನ್‌ಎ ಎಳೆಗಳನ್ನು ನೇರವಾಗಿ ತುಂಡರಿಸಬಹುದು. ಇಲ್ಲವೇ ನೀರಿನ ಅಣುಗಳನ್ನು ಒಡೆದು, ಹುಟ್ಟಿದ ಚುರುಕು ರ‍್ಯಾಡಿಕಲ್‌ಗಳ ಮೂಲಕ ಹಾನಿ ಮಾಡಬಹುದು. ಕ್ಷ-ಕಿರಣಗಳು ಹಣ್ಣಿನ ನೊಣಗಳಲ್ಲಿ ಆನುವಂಶಿಕ ಉತ್ಪರಿವರ್ತನೆ ತರುತ್ತವೆಂದು ಹರ್ಮನ್ ಮುಲ್ಲರ್ 1927ರಲ್ಲಿ ಸಾಬೀತುಪಡಿಸಿದರು. ಹೀರಲ್ಪಟ್ಟ ವಿಕಿರಣದ ಅಳತೆ ಗ್ರೇ, ಅಂದರೆ ಕಿಲೋಗ್ರಾಮಿಗೆ ಒಂದು ಜೂಲ್. ಇಡೀ ದೇಹಕ್ಕೆ ಒಮ್ಮೆಲೇ ತಗಲಿದ 4 ಗ್ರೇ ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಾಂತಿಕವಾಗಬಹುದು. ಆದರೆ ಅಷ್ಟೇ ಶಕ್ತಿ ಕಾವಾಗಿ ಬಂದರೆ ಮೈಬಿಸಿ ಏರುವುದು ಒಂದು ಡಿಗ್ರಿ ಸೆಲ್ಸಿಯಸ್ಸಿನ ಸಾವಿರದಲ್ಲೊಂದು ಭಾಗದಷ್ಟೇ. ವಿಕಿರಣದ ಬಗೆಯನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆ ಸೀವರ್ಟ್. ಇದರಲ್ಲಿ ಗ್ಯಾಮಾ ಕಿರಣಕ್ಕೆ 1, ಆಲ್ಫಾ ಕಣಕ್ಕೆ 20ರ ತೂಕವಿದೆ. ಚರ್ಮದ ಹೊರಪದರವನ್ನೇ ದಾಟಲಾಗದ ಆಲ್ಫಾ ಕಣಗಳು, ರೇಡಾನ್ ಅನಿಲದ ಜೊತೆ ಉಸಿರಿನಲ್ಲಿ ಒಳಹೊಕ್ಕಾಗ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲವು.